ಚಕ್ಕೋತದ ಗುಂಡಿ

ಅರವತ್ತರ ದಶಕದ ಕೊನೆಯ ಮಾತು. ಸಾಯುವ ಹಿಂದಿನ ದಿನ ಅಪ್ಪ ಹಿತ್ತಿಲಲ್ಲಿ ಕೂತು, ನಾಲ್ಕು ದಿನ ನೆನೆಸಿಟ್ಟ ಮೇಕೆ ಹಿಕ್ಕೆಯನ್ನು ಬರಿಗೈಯಲ್ಲಿ ಕದಡುತ್ತಿದ್ದ. ದೇವನಹಳ್ಳಿಯಿಂದ ತಂದ ಚಕ್ಕೋತದ ಸಸಿಯನ್ನು, ಗುಂಡಿಗೆ ಹೊಂಗೆ ಸೊಪ್ಪು, ಗೊಬ್ಬರ ತುಂಬಿ ಆಗಲೇ ನೆಟ್ಟಿದ್ದ. ಈಗ ಆ ಕೊಳೆತ ನೀರನ್ನು ಎಲೆ ಎಲೆಗೂ ಸವರಿದ. ನಾನು ಮೂಗು ಮುಚ್ಚಿಕೊಂಡೆ.

"ಅಪ್ಪಾ, ವಾಂತಿ ಬರ್ತದೆ."

"ಮೇಕೆಗೂ ಅಷ್ಟೇ ಕಣವ್ವ, ತನ್ನ ಹಿಕ್ಕೆ ನಾರೋ ಎಲೆ ಮುಟ್ಟಲ್ಲ. ನಿನಗಿಂತ ಮಡಿ ಅದು."

ಆ ಸಂಜೆ ನಾನು ಅವನ ಪಕ್ಕ ಉಣ್ಣಲು ಕೂರಲಿಲ್ಲ. ಬೆಳಗ್ಗೆ ಎದೆನೋವು ಅಂದವನು ಮಧ್ಯಾಹ್ನಕ್ಕೆ ಇರಲಿಲ್ಲ.

ಹನ್ನೊಂದನೇ ದಿನಕ್ಕೆ ನೆಂಟರು ಬರುವವರಿದ್ದರು. ಹಿತ್ತಿಲು ನಾರಿದರೆ ಏನಂದುಕೊಂಡಾರು ಎಂದು ನಾನೇ ಸೀಗೆಪುಡಿ ಹಚ್ಚಿ ಎಲೆಗಳನ್ನು ಒಂದೊಂದಾಗಿ ತೊಳೆದೆ. ನೆಂಟರು ಉಣ್ಣುತ್ತಿದ್ದಾಗ ಪಕ್ಕದ ಮನೆಯ ಮೇಕೆ ನುಗ್ಗಿ, ಸಸಿಯನ್ನು ಬುಡದವರೆಗೆ ತಿಂದು, ಅಲ್ಲೇ ಹಿಕ್ಕೆ ಹಾಕಿ ಹೋಯಿತು.

ಆಮೇಲೆ ಎಷ್ಟೋ ನಾತ ಕಂಡಿದ್ದೇನೆ. ಅವತ್ತು ನನ್ನ ಕೈಗಿದ್ದ ಸೀಗೆಯ ವಾಸನೆಯಷ್ಟು ಹೇಸಿಗೆ ಯಾವುದೂ ತರಿಸಿಲ್ಲ. ಹಿತ್ತಿಲಲ್ಲಿ ಈಗ ಮಾವಿದೆ, ಸೀಬೆಯಿದೆ. ಚಕ್ಕೋತವಿಲ್ಲ.