ಕಣ್ಣಿನ ಡಾಕ್ಟರು ಮುಟ್ಟದ ಕಣ್ಣು

ಅಜ್ಜಂಪುರದ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಅವ್ವ, ಎಡಗಣ್ಣಿನ ಮೂಲೆಗೆ ಯಾರೋ ಕಪ್ಪು ಬಟ್ಟೆ ಇಳಿಬಿಟ್ಟ ಹಾಗಿದೆ ಎಂದಳು. "ಪೊರೆ ಮತ್ತೆ ಬಂದಿರ್ಬೇಕು ಕಣೇ" ಎಂದು ತೀರ್ಮಾನವನ್ನೂ ತಾನೇ ಕೊಟ್ಟಳು. ಹಿಂದೆ ಅವಳ ಪೊರೆ ತೆಗೆದವರು ಕಡೂರಿನ ಕಣ್ಣಿನ ಡಾಕ್ಟರು. ಅವರ ಕೈಗುಣವನ್ನು ಅವಳು ಹೊಗಳದ ದಿನವಿಲ್ಲ. ತರೀಕೆರೆಯ ಸೋದರಮಾವ ಫೋನಿನಲ್ಲಿ, ತಮ್ಮೂರಲ್ಲೂ ಒಬ್ಬರಿದ್ದಾರೆ, ಬೋರ್ಡಿನಲ್ಲಿ ಹೆಸರಿಗಿಂತ ಡಿಗ್ರಿಯೇ ಉದ್ದ, ಅಲ್ಲಿಗೇ ಬನ್ನಿ ಎಂದರು. ಅವ್ವ ಕೇಳಬೇಕಲ್ಲ! ಕಡೂರಿನ ಬಸ್ಸೇ ಹತ್ತಿದೆವು.

ಡಾಕ್ಟರು ಕಣ್ಣಿಗೆ ಔಷಧಿ ಹನಿಸಿ, ಆಮೇಲೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಇದು ಪೊರೆ ಅಲ್ಲ ಅಮ್ಮ. ಕಣ್ಣಿನ ಹಿಂದೆ ರೆಟಿನಾ ಅಂತ ಪರದೆ ಇರುತ್ತೆ, ಅದು ಬಿಟ್ಕೊಂಡಿದೆ. ತಡ ಮಾಡಿದ್ರೆ ದೃಷ್ಟಿ ಹೋಗುತ್ತೆ. ಆಪರೇಷನ್ನೇ ಆಗ್ಬೇಕು, ಆದ್ರೆ ಅದನ್ನ ನಾನು ಮಾಡಲ್ಲ."

ನನಗೆ ಮೈಯೆಲ್ಲ ಉರಿಯಿತು. "ಕಣ್ಣಿನ ಸ್ಪೆಷಲಿಸ್ಟ್ ಅಂತ ಬೋರ್ಡ್ ಹಾಕಿದೀರಲ್ರೀ, ಮತ್ತೆ?" ಎಂದುಬಿಟ್ಟೆ.

ಅವರು ಬೇಸರಪಡಲಿಲ್ಲ. "ಕಣ್ಣಿನ ಎಂ.ಎಸ್. ಮಾಡಿದೀನಿ ಕಣಮ್ಮ. ರೆಟಿನಾಕ್ಕೆ ಅದರ ಮೇಲೆ ಬೇರೆ ಟ್ರೈನಿಂಗ್ ಬೇಕು, ಅದು ನನಗಿಲ್ಲ. ಎಲ್ಲಿಗೇ ಹೋಗಿ, ಬೋರ್ಡ್ ನಂಬಬೇಡಿ. ಈ ಕೆಲಸ ಎಲ್ಲಿ ಕಲಿತ್ರಿ, ಇದನ್ನೇ ಮಾಡ್ತಾ ಇರ್ತೀರಾ ಅಂತ ಬಾಯಿಬಿಟ್ಟು ಕೇಳಿ. ನೋಂದಣಿ ನಂಬರನ್ನೂ ಕೇಳಿ, ಮೆಡಿಕಲ್ ಕೌನ್ಸಿಲ್ ವೆಬ್‌ಸೈಟಲ್ಲಿ ನೋಡ್ಬಹುದು."

ಅವ್ವ ಕುರ್ಚಿ ಬಿಟ್ಟು ಏಳಲಿಲ್ಲ. "ನೀವೇ ಮಾಡಿ ಸ್ವಾಮಿ. ಹೋದ್ರೂ ನಿಮ್ಮ ಕೈಲೇ ಹೋಗ್ಲಿ."

"ಹೋಗ್ಬಾರ್ದು ಅಂತ್ಲೇ ನಾನು ಮುಟ್ತಿಲ್ಲ ಅಮ್ಮ."

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಎದ್ದಳು.

ಶಿವಮೊಗ್ಗದ ರೆಟಿನಾ ಡಾಕ್ಟರಿಗೆ ಅವರೇ ಫೋನ್ ಮಾಡಿದರು. ಅಲ್ಲಿಗೆ ಹೋದಾಗ ಆ ಲೇಡಿ ಡಾಕ್ಟರನ್ನು ನಾನು ಕೇಳಿಯೇ ಕೇಳಿದೆ. ಎಲ್ಲಿ ಕಲಿತದ್ದು, ಯಾರ ಕೈಕೆಳಗೆ ಕಲಿತದ್ದು ಎಲ್ಲವನ್ನೂ ನಗುನಗುತ್ತಲೇ ಹೇಳಿದರು. ಮರುದಿನವೇ ಆಪರೇಷನ್ ಆಯಿತು. ಪರದೆ ಅಂಟಿಕೊಳ್ಳಲು ಕಣ್ಣೊಳಗೆ ಗ್ಯಾಸ್ ತುಂಬಿದ್ದರಿಂದ ಕೆಲವು ದಿನ ಮುಖ ಕೆಳಗೆ ಮಾಡಿಯೇ ಇರಬೇಕಿತ್ತು. ಮಾತಿಲ್ಲದೆ ಇರಲಾರದ ಅವ್ವ ಅಷ್ಟು ದಿನವೂ ದಿಂಬನ್ನೇ ಬೈದಳು.

ಕಡೂರಿನ ಆ ಮನುಷ್ಯ ಅವತ್ತು ಅವಳ ಮಾತಿಗೆ ಹೂಂ ಅಂದುಬಿಟ್ಟಿದ್ದರೆ ಏನಾಗುತ್ತಿತ್ತೋ! ಅವರ ಋಣ ನಮ್ಮ ಮೇಲಿದೆ.

ಕೆಲವು ವಾರಗಳ ಮೇಲೆ ಅವ್ವ ಹಟ ಮಾಡಿ ನನ್ನನ್ನು ಕಡೂರಿಗೆ ಹೊರಡಿಸಿದಳು. ಡಾಕ್ಟರು ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನ ಮುಂದೆ ಬೆರಳು ಹಿಡಿದರು.

"ಎಷ್ಟಮ್ಮ?"

"ಎರಡು. ಇನ್ನೂ ಮಂಜು ಮಂಜು" ಎಂದಳು ಅವ್ವ. "ಆದ್ರೂ ನೀವು ನಗ್ತಿರೋದು ಕಾಣುತ್ತೆ."