ದೋಸೆ ಕಾವಲಿಯ ಮೇಲೆ ಇಂಜಿನ್

ಡೊಂಬಿವಲಿಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕರೆಂಟ್ ಹೋಗುತ್ತಿದ್ದ ಕಾಲ ಅದು. ಎರಡು ಸಾವಿರದ ಐದರ ಬೇಸಿಗೆ, ನನಗೆ ಹನ್ನೊಂದು ವರ್ಷ. ಫ್ಯಾನ್ ನಿಂತ ಕೂಡಲೇ ಬಿಲ್ಡಿಂಗಿನ ಮಕ್ಕಳೆಲ್ಲ ಕೆಳಗಿಳಿದು ಲಗೋರಿ ಆಡುತ್ತಿದ್ದರು. ಆ ವರ್ಷ ಮಾತ್ರ ನಾನು ಇಳಿಯಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಒಂದು ಇಂಜಿನ್ ಇತ್ತು.

ಅದು ಅಪ್ಪನ ಹಳೆಯ ಬೈಕಿನದು. ಠಾಣೆಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಅಪ್ಪ ಮದುವೆಗೆ ಮೊದಲು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ನಾನು ಕೈಗೂಸಾಗಿದ್ದಾಗ ಒಂದು ದಿನ ಶೀಳ್ ರಸ್ತೆಯಲ್ಲಿ ಇಂಜಿನ್ ಕಾದು ಜಾಮ್ ಆಯಿತಂತೆ. ಅಂದಿನಿಂದ ಬೈಕು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಅದನ್ನು ತಯಾರಿಸಿದ ಕಂಪೆನಿಯೇ ಬಾಗಿಲು ಹಾಕಿಯಾಗಿತ್ತು. ಮೆಟ್ಟಿಲಿಗೆ ಬಣ್ಣ ಹೊಡೆಸಬೇಕು, ಮಳೆಗಾಲದೊಳಗೆ ಬೈಕು ತೆಗೆಯದಿದ್ದರೆ ಭಂಗಾರಿಗೆ, ಅಂದರೆ ಗುಜರಿಗೆ, ಹಾಕುತ್ತೇವೆ ಎಂದು ಬಿಲ್ಡಿಂಗಿನ ಸೊಸೈಟಿಯವರು ಹೇಳಿದಾಗ ಅಪ್ಪ ತಲೆಯಾಡಿಸಿ ಬಂದರು.

ಒಪ್ಪದವಳು ಅಮ್ಮ. ಅವಳು ಹನ್ನೆರಡು ವರ್ಷ ಕೆಲಸ ಮಾಡಿದ್ದ ಪಂಪಿನ ಮೋಟರುಗಳ ಕಾರ್ಖಾನೆ ಮುಚ್ಚಿ ಆರು ತಿಂಗಳಾಗಿತ್ತು. ಹಿಡಿಯಬೇಕಾದ ಲೋಕಲ್ ರೈಲು ಇಲ್ಲದಿದ್ದರೂ ನಸುಕಿಗೇ ಏಳುತ್ತಿದ್ದಳು. ಎದ್ದು ಕಿಟಕಿಯ ಪಕ್ಕ ಸುಮ್ಮನೆ ಕೂರುತ್ತಿದ್ದಳು.

"ಅದರ ಒಳಗೂ ಬೇರಿಂಗೇ ಅಲ್ವಾ ಇರುವುದು? ಬಿಚ್ಚಿ ನೋಡ್ತೇನೆ," ಎಂದಳು.

"ನಿನಗೆ ಮರ್ಲಾ ಮಾರಾಯ್ತಿ? ಅದು ಪಂಪಿನ ಮೋಟರ್ ಅಲ್ಲ," ಅಪ್ಪ ನಕ್ಕರು.

"ಮಳೆ ಬರುವುದರೊಳಗೆ ಸ್ಟಾರ್ಟ್ ಆಗದಿದ್ರೆ ನಾನೇ ಹೋಗಿ ಭಂಗಾರಿಗೆ ಕೊಟ್ಟು ಬರ್ತೇನೆ. ನೀವು ಮೇಲೆ ಹೊತ್ತು ತಂದು ಕೊಡಿ, ಅಷ್ಟು ಸಾಕು."

ಗೋಣಿಯಲ್ಲಿ ಸುತ್ತಿದ ಇಂಜಿನ್ ಎರಡು ಮಹಡಿ ಹತ್ತಿ ಬಂತು. ಅಮ್ಮ ಪ್ಲಗ್ಗಿನ ತೂತಿನಿಂದ ಸೀಮೆಎಣ್ಣೆ ಸುರಿದು ನಾಲ್ಕು ದಿನ ಬಿಟ್ಟಳು. ಸಾರಿನ ಒಗ್ಗರಣೆಗೂ ಸೀಮೆಎಣ್ಣೆಯ ವಾಸನೆ ಹತ್ತಿತು. ಐದನೇ ದಿನ ಮರದ ತುಂಡು ಇಟ್ಟು ಮೆಲ್ಲಗೆ ಬಡಿದಾಗ ಪಿಸ್ಟನ್ ಸರಕ್ಕನೆ ಜಾರಿತು. ಅಮ್ಮ ನನ್ನ ಕಡೆ ತಿರುಗಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಕಂಡ ನಗು ಅದು. ಆಮೇಲೆ ನನ್ನನ್ನು ಆ ಅಡುಗೆಮನೆಯಿಂದ ಯಾರೂ ಎಬ್ಬಿಸುವ ಹಾಗಿರಲಿಲ್ಲ. ಒಂದೊಂದು ಸ್ಕ್ರೂವನ್ನೂ ಐಸ್ ಕ್ರೀಮ್ ಡಬ್ಬಿಗಳಿಗೆ ಹಾಕಿ, ಅದು ಎಲ್ಲಿಂದ ಬಂತೆಂದು ಗಣಿತದ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಇಡುವುದು ನನ್ನ ಕೆಲಸ.

ಸಿಲಿಂಡರಿನ ಒಳಮೈ ಕೆರೆದುಹೋಗಿತ್ತು. ಅದನ್ನು ಬಜಾರಿನ ಚೀಲದಲ್ಲಿ ಹಾಕಿಕೊಂಡು ಕಲ್ಯಾಣಕ್ಕೆ ಹೊರಟೆವು. ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಚೀಲ ಸರಿಸಲು ಹೋದ ಒಬ್ಬಾಕೆ, "ಕಾಯ್ ಭರಲಂಯ್, ದಗಡ್?" ಎಂದಳು. ಕಲ್ಲು ತುಂಬಿದ್ದೀರಾ ಎಂದು. ಅಮ್ಮ ಸಿಲಿಂಡರ್ ತೆಗೆದು ತೋರಿಸಿದಳು. ಕಲ್ಯಾಣ ಬರುವವರೆಗೆ ಅದು ಐದಾರು ಹೆಂಗಸರ ತೊಡೆ ದಾಟಿತು.

ಕಲ್ಯಾಣದಲ್ಲಿ ರಿಕ್ಷಾ ರಿಪೇರಿ ಮಾಡುವ ಇಸ್ಮಾಯಿಲ್ ಚಾಚಾ ಅದರ ಒಳಮೈಯನ್ನು ಕೊರೆಸಿ ಬೋರ್ ಮಾಡಿಸಿ, ದೊಡ್ಡ ಅಳತೆಯ ಒಂದು ಪಿಸ್ಟನ್ನನ್ನೂ ಹುಡುಕಿಕೊಟ್ಟರು. ಸವೆದ ಕಾರ್ಬುರೇಟರಿನ ಬದಲು ರಿಕ್ಷಾದ್ದೊಂದನ್ನು ಕೈಗಿಟ್ಟರು. "ಛೇದ್ ನಹೀ ಮಿಲೇಗಾ ಬೇಟಿ," ಎಂದರು, ತೂತು ಹೊಂದುವುದಿಲ್ಲ ಎಂದು. ಅಮ್ಮ ಅಲ್ಯುಮಿನಿಯಂ ಪಟ್ಟಿಯೊಂದಕ್ಕೆ ಹೊಸ ತೂತು ಕೊರೆದು ನಡುವೆ ಕೂರಿಸಿ ಹೊಂದಿಸಿದಳು.

ಬೇರಿಂಗ್ ಕೂರಿಸಿದ ಬೆಳಿಗ್ಗೆಯನ್ನು ನಾನು ಮರೆಯಲಾರೆ. ಹೊಸ ಬೇರಿಂಗುಗಳು ರಾತ್ರಿಯಿಡೀ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ತಣ್ಣಗಾಗಿ ಕುಗ್ಗಿದ್ದವು. ಹನ್ನೊಂದಕ್ಕೆ ಕರೆಂಟ್ ಹೋಗುತ್ತದೆ, ಅದಕ್ಕೆ ಮೊದಲೇ ಮುಗಿಯಬೇಕು. ಬೇರಿಂಗ್ ಕೂರುವ ತೂತು ಹಿಗ್ಗಲೆಂದು ಅಮ್ಮ ಇಂಜಿನ್ನಿನ ಹೊರಚಿಪ್ಪನ್ನು ದೋಸೆ ಕಾವಲಿಯ ಮೇಲೆ ಬೋರಲು ಹಾಕಿ ಕಾಯಿಸಿದಳು. ಆಗಾಗ ನೀರು ಚಿಮುಕಿಸಿ ನೋಡಿದಳು. ಹನಿಗಳು ಚುಂಯ್ ಎಂದು ಕುಣಿದ ಕ್ಷಣ, "ಈಗ ತಾ!" ಎಂದಳು. ನಾನು ಬೇರಿಂಗ್ ಹಿಡಿದು ಫ್ರಿಜ್ಜಿನಿಂದ ಓಡಿದೆ. ಸುತ್ತಿಗೆ ಬೇಕಾಗಲಿಲ್ಲ. ಬೇರಿಂಗ್ ಟಕ್ ಎಂದು ತಾನಾಗಿ ಕೂತಿತು. ಎರಡನೆಯದೂ ಕೂತ ಮೇಲೆ ಅದೇ ಒಲೆಯ ಮೇಲೆ ಇನ್ನೊಂದು ಕಾವಲಿ ಏರಿತು. ಅಷ್ಟು ರುಚಿಯ ನೀರುದೋಸೆ ಮತ್ತೆ ತಿಂದಿಲ್ಲ.

ಮರುದಿನ ನಾನು ಪಿಸ್ಟನ್ನಿನ ರಿಂಗ್ ಮುರಿದೆ. ಕೇಳದೆಯೇ ತೊಡಿಸಲು ಹೋಗಿ ಅಗಲಿಸಿದ್ದೆ. ಲಟಕ್ ಎಂದು ಎರಡು ತುಂಡು. ಅಮ್ಮ ಬೈಯಲಿಲ್ಲ. "ಬೀಡು ಕಬ್ಬಿಣ ಅದು, ಗಾಜಿನ ಬಳೆಯ ಹಾಗೆ. ಬಗ್ಗುವುದಿಲ್ಲ," ಎಂದಳು ಅಷ್ಟೆ. ನನಗೆ ಅಳು ತಡೆಯಲಾಗಲಿಲ್ಲ. ಮಳೆಗೆ ಇನ್ನು ಹತ್ತೇ ದಿನ. ಕಲ್ಯಾಣದ ಅಂಗಡಿಗಳಲ್ಲೆಲ್ಲ ಇಲ್ಲ ಎಂದರು. ಕೊನೆಗೆ ಚಾಚಾ ತನ್ನ ಹಳೆಯ ಡಬ್ಬಿ ಸುರಿದು, ದಪ್ಪ ಸರಿಯಿದ್ದ ಬೇರೊಂದು ಗಾಡಿಯ ರಿಂಗ್ ಕೊಟ್ಟರು. ಸಿಲಿಂಡರಿನೊಳಗೆ ಇಟ್ಟರೆ, ಒಂದು ಕಡೆ ಸೀಳಿರುವ ಅದರ ತುದಿಗಳು ಒಂದರ ಮೇಲೊಂದು ಏರುತ್ತಿದ್ದವು.

ಅಮ್ಮ ಸಣ್ಣ ಅರವನ್ನು ನನ್ನ ಕೈಗೆ ಕೊಟ್ಟಳು.

"ನಾನಾ?"

"ನೀನೇ. ನಾಲ್ಕು ಸಲ ಉಜ್ಜು, ಅಳತೆ ನೋಡು. ಮತ್ತೆ ನಾಲ್ಕು ಸಲ. ಹೆಚ್ಚು ಸವೆದ್ರೆ ಮತ್ತೆ ಬೆಳೆಯುವುದಿಲ್ಲ, ಗೊತ್ತುಂಟಲ್ಲ?"

ಮೂರು ಮಧ್ಯಾಹ್ನ ಉಜ್ಜಿದೆ. ಅಳತೆಗೆಂದು ಅಮ್ಮ ಕೊಟ್ಟಿದ್ದ ತೆಳು ಉಕ್ಕಿನ ಎಲೆ ತುದಿಗಳ ನಡುವಿನ ಸಂದಿಗೆ ಬಿಗಿಯಾಗಿ ಜಾರಿದಾಗ, ಸರಿಯಾಯಿತು ಎಂದು ಅಮ್ಮನನ್ನು ಕೂಗಿದೆ. ಅಮ್ಮ ತಾನು ಅಳೆದು ನೋಡಲಿಲ್ಲ. ನನ್ನ ಮಾತಿನ ಮೇಲೆಯೇ ರಿಂಗ್ ತೊಡಿಸಿದಳು.

ಮೋಡ ಕಟ್ಟಿದ ಒಂದು ಭಾನುವಾರ ಇಂಜಿನ್ ಬೈಕಿಗೆ ಏರಿತು. ಅಮ್ಮ ಸೀರೆ ಎತ್ತಿ ಕಟ್ಟಿ ಕಿಕ್ ಹೊಡೆದಳು. ಇಪ್ಪತ್ತು ಸಲವಾದರೂ ಇಲ್ಲ. "ಸಾಕು ಬಿಡು," ಎಂದರು ಅಪ್ಪ. ಅಮ್ಮ ಪ್ಲಗ್ ಬಿಚ್ಚಿ ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದಳು. ಮುಂದಿನ ಕಿಕ್ಕಿಗೆ ಬೈಕು ಗುಡುಗಿತು. ಮೆಟ್ಟಿಲ ತುಂಬ ನೀಲಿ ಹೊಗೆ, ಕೆಮ್ಮುತ್ತ ಓಡಿಬಂದ ಜನ. ಅಪ್ಪ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಆಮೇಲೆ ಅಮ್ಮನನ್ನು ಕೇಳಿದರು, "ಎಷ್ಟರಲ್ಲಿ ಓಡಿಸ್ಲಿ?"

"ಮೂವತ್ತು ದಾಟಬೇಡಿ. ರಿಂಗ್ ಇನ್ನೂ ಪಳಗಬೇಕು."

ಯಾರ ಮಾತನ್ನೂ ಕೇಳದ ಅಪ್ಪ ಆ ದಿನ ಮೂವತ್ತು ದಾಟಲಿಲ್ಲ. ನಾನು ಟ್ಯಾಂಕಿನ ಮೇಲೆ, ಅಮ್ಮ ಹಿಂದೆ. ಠಾಕುರ್ಲಿಯ ದಾರಿಯಲ್ಲಿ ರಿಕ್ಷಾಗಳೆಲ್ಲ ನಮ್ಮನ್ನು ದಾಟಿ ಹೋದವು. ನಮ್ಮ ಪಾಲಿಗೆ ನಾವು ಹಾರುತ್ತಿದ್ದೆವು.

ಬೈಕು ಆರು ವರ್ಷ ಓಡಿತು. ಕಾಮೋಠೆಗೆ ಮನೆ ಬದಲಿಸಿದಾಗ ಮಾರಿದೆವು. ಚಾಚಾ ಈಗಿಲ್ಲ. ಅಮ್ಮನ ಬೆರಳುಗಳಿಗೆ ಈಗ ಸೂಜಿಗೆ ನೂಲು ಹಾಕುವುದೂ ಕಷ್ಟ.

ಹೋದ ತಿಂಗಳು ನನ್ನ ಬ್ಯಾಟರಿ ಸ್ಕೂಟರ್ ನಿಂತುಹೋಯಿತು. ಕಂಪೆನಿಯ ಮೆಕ್ಯಾನಿಕ್ ಒಬ್ಬ ಬಂದು, ಅದರೊಳಗಿಂದ ಒಂದು ಕಪ್ಪು ಡಬ್ಬ ತೆಗೆದು ಅಂಥದೇ ಇನ್ನೊಂದು ಹಾಕಿ, ಹತ್ತು ನಿಮಿಷದಲ್ಲಿ ಹೊರಟ. ಅವನು ಬಿಟ್ಟುಹೋದ ಹಳೆಯ ಡಬ್ಬವನ್ನು ಕಿವಿಗಿಟ್ಟು ಅಲ್ಲಾಡಿಸಿದ ನನ್ನ ಆರು ವರ್ಷದ ಮಗ ಕೇಳಿದ, "ಮಮ್ಮಾ, ಅಂದರ್ ಕ್ಯಾ ಹೈ?" ಒಳಗೆ ಏನಿದೆ ಎಂದು.

ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬಿಚ್ಚಲು ಎಲ್ಲಿಯೂ ಒಂದು ಸ್ಕ್ರೂ ಇರಲಿಲ್ಲ. "ಗೊತ್ತಿಲ್ಲ ಮಗಾ," ಎಂದೆ. ಅವನು ಡಬ್ಬ ಕೆಳಗಿಟ್ಟು ಟಿವಿಯ ಮುಂದೆ ಹೋಗಿ ಕೂತ. ಎರಡನೇ ಸಲ ಕೇಳಲಿಲ್ಲ.