ಏಳನೇ ಮಂಚಕ್ಕೆ ಇಟ್ಟ ಹೆಸರು

ದೊಡ್ಡಕ್ಕನ ಮಾತೆಂದರೆ ಆ ವಾರ್ಡಿಗೇ ಒಂದು ಮೋಜು. ಇಪ್ಪತ್ತೆಂಟು ವರ್ಷ ನರ್ಸಾಗಿ ದುಡಿದವಳು. ಕೈ ಚುರುಕು, ಮನಸ್ಸು ಒಳ್ಳೆಯದು, ನಾಲಿಗೆಗೆ ಮಾತ್ರ ಲಗಾಮಿಲ್ಲ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಇಪ್ಪತ್ತು ಮಂಚಗಳ ಸಮಾಚಾರವನ್ನು ಐದೇ ನಿಮಿಷದಲ್ಲಿ ಒಪ್ಪಿಸಬೇಕು. ಅದಕ್ಕೇ ಮಂಚಕ್ಕೊಂದು ಹೆಸರಿಟ್ಟುಬಿಡುತ್ತಿದ್ದಳು. "ಮೂರು, ಹಟಮಾರಿ. ಐದು, ಪುಕ್ಕಲು. ಹನ್ನೊಂದು, ಕುಂಭಕರ್ಣ." ಪಾಳಿಗೆ ಬಂದ ನರ್ಸ್ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಇದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ.

ಏಳನೇ ಮಂಚದಲ್ಲಿದ್ದದ್ದು ಇಸ್ತ್ರಿ ಅಂಗಡಿಯ ಹೆಂಗಸು. ಹೊಟ್ಟೆನೋವೆಂದು ಒಂದೇ ತಿಂಗಳಲ್ಲಿ ಮೂರನೆಯ ಸಲ ಬಂದಿದ್ದಳು. ಹಿಂದಿನ ಎರಡು ಸಲವೂ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಈ ಸಲ ಜೊತೆಗೆ ಮಗಳೂ ಕೂತಿದ್ದಳು. ಆ ದಿನ ದೊಡ್ಡಕ್ಕ ಮಂಚದ ಪಕ್ಕದಲ್ಲೇ ನಿಂತು, "ಏಳು, ನಾಟಕದ ಕಂಪನಿ. ಕೂಗ್ತಾರೆ, ತಲೆ ಕೆಡಿಸ್ಕೋಬೇಡಿ," ಎಂದು ಹೇಳಿ ಮನೆಗೆ ಹೋದಳು.

ಮೂರು ಗಂಟೆಗೆ ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ಒದ್ದಾಡತೊಡಗಿದಳು. ಪಾಳಿಯ ಹುಡುಗಿ ಡಾಕ್ಟರಿಗೆ ಫೋನು ಮಾಡಿದಳು: "ಏಳನೇದು ಸರ್, ಆ ನಾಟಕದವರು." ಆಮೇಲೆ ನೋಡ್ತೀನಿ ಎಂದರು ಅವರು. ಬಂದಾಗ ಸಂಜೆ ಐದೂವರೆ. ಕರುಳು ಒಡೆದು ಕೈಕಾಲು ತಣ್ಣಗಾಗಿದ್ದವು. ಆರು ಗಂಟೆಗೆಲ್ಲ ಪ್ರಾಣ ಹೋಯಿತು.

ಮರುದಿನ ಬೆಳಿಗ್ಗೆ ಖಾಲಿ ಮಂಚ ಕಂಡು ದೊಡ್ಡಕ್ಕ ವಿಚಾರಿಸಿದಳು; ಫೋನಿನಲ್ಲಿ ಏನು ಹೇಳಿದ್ದರು, ಡಾಕ್ಟರು ಎಷ್ಟು ಹೊತ್ತಿಗೆ ಬಂದರು, ಎಲ್ಲ ತಿಳಿಯಿತು. ಕಾಗದಪತ್ರ ತೆಗೆದುಕೊಂಡು ಹೋಗಲು ಸತ್ತವಳ ಮಗಳು ಬಂದಿದ್ದಳು, ಇಪ್ಪತ್ತರ ಆಸುಪಾಸಿನ ಹುಡುಗಿ. ಅತ್ತು ಅತ್ತು ಮುಖ ಊದಿಕೊಂಡಿತ್ತು. ದೊಡ್ಡಕ್ಕ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

"ಅಮ್ಮ ನಿಮಗೆಲ್ಲ ತುಂಬ ತೊಂದ್ರೆ ಕೊಟ್ರು ಸಿಸ್ಟರ್, ಬೇಜಾರು ಮಾಡ್ಕೋಬೇಡಿ," ಎಂದಳು ಹುಡುಗಿ. "ನಂಗೂ ನಾಚಿಕೆ ಆಯ್ತು. ಸಾಕು ನಿನ್ನ ನಾಟಕ, ಎಲ್ರೂ ನಗ್ತಿದಾರೆ ಅಂತ ರೇಗಿಬಿಟ್ಟೆ. ಆಮೇಲೆ ಅಮ್ಮ ಕೂಗಲೇ ಇಲ್ಲ. ಸೆರಗು ಕಚ್ಕೊಂಡು ಆ ಕಡೆ ತಿರುಗಿ ಮಲಗಿದ್ರು. ನೋವು ಕಮ್ಮಿಯಾಯ್ತೇನೋ ಅಂದ್ಕೊಂಡೆ."

ದೊಡ್ಡಕ್ಕ ಸುಮ್ಮನಿದ್ದುಬಿಡಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಈ ಮಗು ಜನ್ಮವಿಡೀ ತನ್ನನ್ನೇ ಬೈದುಕೊಳ್ಳುವಂತಾಗಬಾರದು ಅನಿಸಿತು.

"ಅದು ನಿನ್ನ ಮಾತಲ್ಲ ಕಣೇ," ಎಂದಳು. "ನಾನು ಹಾಗಂದೆ ಅಂತ ನೀನೂ ಅಂದೆ. ನಾನು ಅಂದಿದ್ದಕ್ಕೇ ಯಾರೂ ಬೇಗ ಬಂದು ನೋಡ್ಲಿಲ್ಲ."

ಹುಡುಗಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.